ಕಾಗದದ ತಳದ ಮೇಲೆ ಕ್ವಿಲ್ಟ್ ಬ್ಲಾಕ್ ಜೋಡಣೆ

ಬಟ್ಟೆಯ ಸಣ್ಣ ತುಂಡುಗಳನ್ನು ನಕ್ಷೆ ಅಚ್ಚಾದ ಕಾಗದಕ್ಕೆ ಒಂದೊಂದಾಗಿ ಸೇರಿಸಿ, ಗೆರೆಯ ಮೇಲೆಯೇ ಯಂತ್ರದ ಹೊಲಿಗೆ ಹಾಕಿ, ಕೊನೆಗೆ ಕಾಗದವನ್ನು ಹರಿದು ತೆಗೆಯುವ ತೇಪೆ ಹೊಲಿಗೆಯ ವಿಧಾನ. ಇಂಗ್ಲಿಷಿನ ಫೌಂಡೇಶನ್ ಪೇಪರ್ ಪೀಸಿಂಗ್ ಎಂಬ ಹೆಸರೇ ಎಲ್ಲೆಡೆ ಬಳಕೆಯಲ್ಲಿದೆ. ಹೊಲಿಯುವವರು ಎಫ್‌ಪಿಪಿ ಎಂದು ಚುಟುಕಾಗಿ ಕರೆಯುತ್ತಾರೆ. ಬ್ಲಾಕ್ ಎಂದರೆ ಕ್ವಿಲ್ಟ್‌ನ ಮೇಲ್ಪದರದ ಒಂದು ಚೌಕ. ಇಂಥ ಹಲವು ಚೌಕಗಳನ್ನು ಕೂಡಿಸಿ, ಅಡಿಯಲ್ಲಿ ಹತ್ತಿಯ ಪದರವನ್ನೂ ಅಸ್ತರನ್ನೂ ಇಟ್ಟು, ಮೂರನ್ನೂ ಸೇರಿಸಿ ಹೊಲಿದಾಗ ಕ್ವಿಲ್ಟ್ ಆಗುತ್ತದೆ. ಈ ಲೇಖನ ಮೇಲ್ಪದರದ ಚೌಕಕ್ಕೆ ಮಾತ್ರ ಸಂಬಂಧಿಸಿದ್ದು.

ಬಟ್ಟೆ ಹೇಳಿದ ಮಾತು ಕೇಳುವ ವಸ್ತುವಲ್ಲ. ಓರೆಯಾಗಿ ಕತ್ತರಿಸಿದ ಅಂಚು ಎಳೆದತ್ತ ಹಿಗ್ಗುತ್ತದೆ, ಸೂಜಿಯಡಿ ಸರಿಯುತ್ತದೆ, ಇಸ್ತ್ರಿಗೆ ಸೊಟ್ಟಗಾಗುತ್ತದೆ. ತ್ರಿಕೋನದ ಚೂಪು ತುದಿಗಳನ್ನು ಬರಿಗೈಯಲ್ಲಿ ಕೂಡಿಸಿದಾಗ ಹತ್ತರಲ್ಲಿ ನಾಲ್ಕು ಮೊಂಡಾದರೂ ಆಶ್ಚರ್ಯವಿಲ್ಲ. ಕಾಗದ ಹಿಗ್ಗುವುದಿಲ್ಲ. ಹೊಲಿಗೆ ಮುಗಿಯುವ ತನಕ ಅದು ತನ್ನ ಬಿಗುವನ್ನು ಬಟ್ಟೆಗೆ ಸಾಲವಾಗಿ ಕೊಟ್ಟಿರುತ್ತದೆ. ತುಂಡುಗಳನ್ನು ಕರಾರುವಾಕ್ಕಾಗಿ ಕತ್ತರಿಸುವ ಕೌಶಲಕ್ಕಿಂತ ನೇರವಾದ ಗೆರೆಯ ಮೇಲೆ ಹೊಲಿಯುವ ಕೌಶಲ ಸುಲಭವಾದದ್ದು. ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಮಾತ್ರ ಕೇಳುವುದೇ ಈ ವಿಧಾನದ ಜಾಣತನ.

ಹಿನ್ನೆಲೆ: ಹೆಸರಿನಲ್ಲಿ ಕಾಗದವಿದ್ದರೂ ಈ ವಿಧಾನದ ಮೂಲ ಕಾಗದವಲ್ಲ, ತಳ. ಅಮೆರಿಕದಲ್ಲಿ 1860ರ ದಶಕದಿಂದ ಜನಪ್ರಿಯವಾದ ಲಾಗ್ ಕ್ಯಾಬಿನ್ ಕ್ವಿಲ್ಟ್‌ಗಳನ್ನು ನೋಡಿದರೆ ಇದು ತಿಳಿಯುತ್ತದೆ. ಒರಟು ಬಟ್ಟೆಯ ಚೌಕವೊಂದರ ನಡುವೆ ಸಣ್ಣ ತುಂಡನ್ನಿಟ್ಟು, ಅದರ ನಾಲ್ಕೂ ಬದಿಗೆ ಮರದ ದಿಮ್ಮಿಗಳನ್ನು ಪೇರಿಸಿದಂತೆ ಪಟ್ಟಿಗಳನ್ನು ಸುತ್ತುತ್ತ ಹೊಲಿಯುತ್ತಿದ್ದರು. ಒಂದು ಬದಿಗೆ ತಿಳಿ ಬಣ್ಣ, ಇನ್ನೊಂದು ಬದಿಗೆ ಗಾಢ ಬಣ್ಣ. ನಡುವಿನ ಕೆಂಪು ತುಂಡು ಮನೆಯ ಒಲೆಯ ಬೆಂಕಿಯ ಗುರುತು ಎಂಬುದು ಜನರ ನಂಬಿಕೆ. ಮರದ ಗುಡಿಸಲಲ್ಲಿ ಹುಟ್ಟಿದ ಅಬ್ರಹಾಂ ಲಿಂಕನ್‌ನ ಹೆಸರನ್ನೂ ಈ ವಿನ್ಯಾಸಕ್ಕೆ ಅಂಟಿಸುವುದುಂಟು. ಬ್ರಿಟನ್ ಮತ್ತು ಐರ್ಲೆಂಡ್ ನಡುವಿನ ಐಲ್ ಆಫ್ ಮ್ಯಾನ್ ದ್ವೀಪದ ಹೆಂಗಸರು ಇದೇ ಬಗೆಯ ಚೌಕಗಳನ್ನು ಸ್ಕೇಲು ಕತ್ತರಿ ಎರಡೂ ಇಲ್ಲದೆ ಕಟ್ಟುತ್ತಿದ್ದರು. ಪಟ್ಟಿಗಳನ್ನು ಕೈಯಿಂದ ಹರಿದು, ಬೆರಳು ಅಂಗೈಗಳಲ್ಲೇ ಅಳತೆ ಮಾಡಿ, ತಳದ ಬಟ್ಟೆಗೆ ಮಡಿಕೆ ಮಡಿಕೆಯಾಗಿ ಹೊಲಿದ ಆ ಹೊದಿಕೆಗಳಿಗೆ ಬೇರೆ ಹತ್ತಿಯ ಪದರವೇ ಬೇಕಿರಲಿಲ್ಲ.

1876ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ಶತಮಾನೋತ್ಸವ ಪ್ರದರ್ಶನದಲ್ಲಿ ಜಪಾನಿನ ಕಲಾವಸ್ತುಗಳನ್ನು ಕಂಡ ಅಮೆರಿಕದ ಮಧ್ಯಮವರ್ಗಕ್ಕೆ ಸಮತೂಕವಿಲ್ಲದ ಚಿತ್ರವಿನ್ಯಾಸದ ಗೀಳು ಹತ್ತಿತು. ಮುಂದಿನ ದಶಕದ ಕ್ರೇಜಿ ಕ್ವಿಲ್ಟ್‌ಗಳಿಗೆ ಅದೂ ಒಂದು ಪ್ರೇರಣೆ. ರೇಷ್ಮೆ, ವೆಲ್ವೆಟ್ಟಿನ ಅಂಕುಡೊಂಕು ಚೂರುಗಳನ್ನು ಹಿಡಿದು ನಿಲ್ಲಿಸಲು ಮಸ್ಲಿನ್ ಬಟ್ಟೆಯ ತಳ ಬೇಕೇ ಬೇಕಿತ್ತು. ಇವೆಲ್ಲದರಲ್ಲೂ ತಳ ಕ್ವಿಲ್ಟ್‌ನೊಳಗೇ ಉಳಿದುಬಿಡುತ್ತಿತ್ತು.

ತಳವಾಗಿ ಕಾಗದ ಬಂದದ್ದು ಬಡತನದ ದಾರಿಯಿಂದ. ಬಟ್ಟೆಯ ಉದ್ದುದ್ದ ಚೂರುಗಳನ್ನು ಓರೆಯಾಗಿ ಸಾಲಿಟ್ಟು ಹೊಲಿಯುವ ಸ್ಟ್ರಿಂಗ್ ಕ್ವಿಲ್ಟ್‌ಗಳಿಗೆ ತಳಕ್ಕೆಂದು ಬಟ್ಟೆ ಖರ್ಚು ಮಾಡಲಾಗದ ಮನೆಗಳಲ್ಲಿ ಹಳೆಯ ಸುದ್ದಿಪತ್ರಿಕೆ, ಅಂಚೆ ಮಾರಾಟದ ಕ್ಯಾಟಲಾಗಿನ ಹಾಳೆ ಬಳಕೆಗೆ ಬಂದವು. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಇದು ಅಮೆರಿಕದ ಹಳ್ಳಿಗಾಡಿನ ಸಾಮಾನ್ಯ ದೃಶ್ಯ. ಹಿಂಬದಿಯ ಕಾಗದ ಕೀಳದೆ ಅರ್ಧಕ್ಕೆ ನಿಂತ ಚೌಕಗಳು ಇಂದಿಗೂ ಹಳೆಯ ಪೆಟ್ಟಿಗೆಗಳಲ್ಲಿ ಸಿಗುತ್ತವೆ. ಹಾಳೆಯ ಮೇಲಿನ ಸುದ್ದಿ ಓದಿ ಹೊಲಿಗೆಯ ಕಾಲವನ್ನು ಅಂದಾಜು ಮಾಡಬಹುದು.

ಇಂದಿನ ರೂಪಕ್ಕೆ ಬೇಕಾದ ಕೊನೆಯ ಹೆಜ್ಜೆ ಜೆರಾಕ್ಸ್ ಯಂತ್ರದ್ದು. ಕಾಗದ ಬರಿಯ ಆಸರೆಯಾಗಿದ್ದದ್ದು ಹೋಗಿ, ಹೊಲಿಗೆಯ ಗೆರೆಯನ್ನೂ ತುಂಡುಗಳ ಕ್ರಮಸಂಖ್ಯೆಯನ್ನೂ ಹೊತ್ತ ನಕ್ಷೆಯಾಯಿತು. ಒಂದೇ ನಕ್ಷೆಯ ಇಪ್ಪತ್ತು ಪ್ರತಿ ತೆಗೆದು ಇಪ್ಪತ್ತು ಚೌಕ ಹೊಲಿಯುವುದು ಸಾಧ್ಯವಾಯಿತು. 1994ರಲ್ಲಿ ಬಂದ ಕ್ಯಾರಲ್ ಡೋಕ್ ಅವರ ಈಸಿ ಮೆಷಿನ್ ಪೇಪರ್ ಪೀಸಿಂಗ್ ಪುಸ್ತಕ ಈ ವಿಧಾನವನ್ನು ಅಮೆರಿಕದ ಮನೆಮನೆಗೆ ಮುಟ್ಟಿಸಿತು.

ಹೆಸರಿನ ಗೊಂದಲ: ಇಂಗ್ಲಿಷ್ ಪೇಪರ್ ಪೀಸಿಂಗ್ ಎಂಬ ಇನ್ನೊಂದು ವಿಧಾನವಿದೆ. ಹೆಸರು ಹತ್ತಿರದ್ದಾದರೂ ಕೆಲಸ ಬೇರೆ. ಅಲ್ಲಿ ಪ್ರತಿ ತುಂಡಿಗೂ ಒಂದೊಂದು ಕಾಗದದ ಅಚ್ಚು. ಬಟ್ಟೆಯ ಅಂಚನ್ನು ಅಚ್ಚಿನ ಹಿಂದಕ್ಕೆ ಮಡಿಸಿ ಕಚ್ಚಾ ಹೊಲಿಗೆ ಹಾಕಿ, ಮಡಿಚಿದ ತುಂಡುಗಳ ಅಂಚಿಗೆ ಅಂಚು ಸೇರಿಸಿ ಕೈಯಿಂದಲೇ ಹೊಲಿಯುತ್ತಾರೆ. ಷಟ್ಕೋನಗಳ ಕ್ವಿಲ್ಟ್‌ಗಳು ಹೆಚ್ಚಾಗಿ ಈ ಬಗೆಯವು. ಬ್ರಿಟನ್ನಿನ ಕ್ವಿಲ್ಟರ್ಸ್ ಗಿಲ್ಡ್ ಸಂಗ್ರಹದಲ್ಲಿರುವ, 1718ರ ಇಸವಿ ಹೊತ್ತ ರೇಷ್ಮೆಯ ಹೊದಿಕೆ ಈ ಪರಂಪರೆಯದು. ಇಸವಿ ನಮೂದಾದ ಬ್ರಿಟಿಷ್ ತೇಪೆ ಕೆಲಸಗಳಲ್ಲಿ ಅದಕ್ಕಿಂತ ಹಳೆಯದು ಸಿಕ್ಕಿಲ್ಲ. ಇಂಗ್ಲಿಷ್ ಪೇಪರ್ ಪೀಸಿಂಗ್‌ನಲ್ಲಿ ತುಂಡುಗಳನ್ನು ಜೋಡಿಸುವ ಸೂಜಿ ಕಾಗದವನ್ನು ತಪ್ಪಿಸಿ ಹೋಗುತ್ತದೆ. ಇಲ್ಲಿ ಕಾಗದವನ್ನು ಚುಚ್ಚಿಕೊಂಡೇ ಹೋಗಬೇಕು.

ಕೆಲಸದ ಕ್ರಮ: ಫ್ಲೈಯಿಂಗ್ ಗೀಸ್ ಎಂಬ ಮೂರೇ ತುಂಡುಗಳ ಘಟಕವನ್ನು ಹೊಲಿದರೆ ವಿಧಾನವೆಲ್ಲ ಕೈಗೆ ಬಂದಂತೆ. 4 ಇಂಚು ಅಗಲ, 2 ಇಂಚು ಎತ್ತರದ ಆಯತ; ಅಗಲದ ಬದಿಯನ್ನೇ ಪಾದವಾಗಿಸಿಕೊಂಡ ತ್ರಿಕೋನ ನಡುವೆ, ಎರಡು ಮೂಲೆಗಳಲ್ಲಿ ಎರಡು ಸಣ್ಣ ತ್ರಿಕೋನ. ನಡುವಿನದು ಹಾರುವ ಬಾತು, ಮೂಲೆಯವು ಆಕಾಶ. ಕಾಗದದಲ್ಲಿ ಬಾತಿಗೆ 1, ಆಕಾಶಕ್ಕೆ 2 ಮತ್ತು 3 ಎಂದು ಸಂಖ್ಯೆ ಇರುತ್ತದೆ. ಆಯತದ ಹೊರಗೆ ಸುತ್ತಲೂ ಕಾಲು ಇಂಚು ದೂರದಲ್ಲಿ ಚುಕ್ಕೆ ಗೆರೆ. ಆ ಕಾಲು ಇಂಚು ಹೊಲಿಗೆಯ ಮಾರ್ಜಿನ್.

ಬಟ್ಟೆಯನ್ನು ಆಕಾರಕ್ಕೆ ಸರಿಯಾಗಿ ಕತ್ತರಿಸಬೇಕಿಲ್ಲ, ಧಾರಾಳವಾಗಿ ಕತ್ತರಿಸಿದರೆ ಸಾಕು. ಬಾತಿಗೆ ಸುಮಾರು 3 ಇಂಚಿಗೆ 6 ಇಂಚಿನ ಆಯತ. ಆಕಾಶಕ್ಕೆ ಮೂರೂವರೆ ಇಂಚಿನ ಒಂದು ಚೌಕವನ್ನು ಮೂಲೆಯಿಂದ ಮೂಲೆಗೆ ಸೀಳಿದರೆ ಎರಡೂ ತುಂಡು ಸಿಕ್ಕವು. ಬಟ್ಟೆ ಉಳಿಸಲೆಂದು ಹುಟ್ಟಿದ ವಿಧಾನವೊಂದು ಇಂದು ಸಾಮಾನ್ಯ ಜೋಡಣೆಗಿಂತ ಹೆಚ್ಚು ಬಟ್ಟೆ ತಿನ್ನುತ್ತದೆ ಎಂಬುದು ಇದರ ವಿಪರ್ಯಾಸ. ಜಿಪುಣತನ ಮಾಡಿದರೆ ತುಂಡು ಮೂಲೆಯಲ್ಲಿ ಒಂದು ನೂಲಿನಷ್ಟು ಸಾಲದೆ ಬಂದು, ಹೊಲಿದದ್ದನ್ನೆಲ್ಲ ಬಿಚ್ಚಬೇಕಾಗುತ್ತದೆ.

ಮೊದಲ ತುಂಡನ್ನು ಕಾಗದದ ಖಾಲಿ ಬದಿಗೆ ಇಡಬೇಕು. ಬಟ್ಟೆಯ ಬೆನ್ನು ಕಾಗದಕ್ಕೆ, ಮುಖ ಮೇಲಕ್ಕೆ. ಒಂದು ಗುಂಡುಸೂಜಿಯೋ ಅಂಟುಕಡ್ಡಿಯ ಒಂದು ಗೆರೆಯೋ ಅದನ್ನು ಹಿಡಿದಿಡುತ್ತದೆ. ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ನೋಡಿದರೆ 1ನೇ ತುಂಡು ತನ್ನ ಗೆರೆಗಳನ್ನೆಲ್ಲ ಕಾಲು ಇಂಚಾದರೂ ದಾಟಿದೆಯೇ ಎಂದು ಕಾಣುತ್ತದೆ. ಆಮೇಲೆ 1 ಮತ್ತು 2ರ ನಡುವಿನ ಗೆರೆಯ ಮೇಲೆ ಒಂದು ದಪ್ಪ ಕಾರ್ಡನ್ನು ಒತ್ತಿ ಹಿಡಿದು ಕಾಗದವನ್ನು ಮಡಿಸಿ, ಮಡಿಕೆಯಾಚೆ ಚಾಚಿದ ಬಟ್ಟೆಯನ್ನು ಕಾಲು ಇಂಚು ಬಿಟ್ಟು ಕತ್ತರಿಸಬೇಕು. ಇದಕ್ಕೆಂದೇ ಆ್ಯಡ್-ಎ-ಕ್ವಾರ್ಟರ್ ಎಂಬ ಸ್ಕೇಲು ಬರುತ್ತದೆ: ಅಂಚಿನಲ್ಲಿ ಕಾಲು ಇಂಚಿನ ಮೆಟ್ಟಿಲು, ಮೆಟ್ಟಿಲು ಮಡಿಕೆಗೆ ತಾಗಿ ಕೂರುತ್ತದೆ. ಅದಿಲ್ಲದೆಯೂ ಸಾಮಾನ್ಯ ಸ್ಕೇಲಿನಲ್ಲಿ ಕೆಲಸ ನಡೆಯುತ್ತದೆ, ಸ್ವಲ್ಪ ನಿಧಾನ ಅಷ್ಟೆ.

ಈಗ 2ನೇ ತುಂಡನ್ನು 1ನೇ ತುಂಡಿನ ಮೇಲೆ, ಮುಖಕ್ಕೆ ಮುಖ ತಾಗುವಂತೆ, ಹೊಸದಾಗಿ ಕತ್ತರಿಸಿದ ಅಂಚಿಗೆ ಅಂಚು ಕೂಡಿಸಿ ಇಡುವುದು. ಮೊದಲ ಸಲ ಹೊಲಿಯುವವರೆಲ್ಲ ಎಡವುವ ಜಾಗ ಇದು. 2ನೇ ತುಂಡು ಕೊನೆಗೆ ಎಲ್ಲಿ ಕೂರಬೇಕೋ ಅಲ್ಲಿಯೇ ಅದನ್ನು ಇಡಬೇಕೆಂದು ಕೈ ಹೇಳುತ್ತದೆ. ಕೈಯ ಮಾತು ತಪ್ಪು. ಅದು ಮಗುಚಿಕೊಂಡು ತನ್ನ ಜಾಗಕ್ಕೆ ಹೋಗಬೇಕಾದ್ದರಿಂದ ಹೊಲಿಯುವಾಗ ಪೂರ್ತಿಯಾಗಿ 1ರ ಮೇಲೆ ಬಿದ್ದಿರಬೇಕು. ಗೆರೆಯ ಗುಂಟ ಎರಡು ಗುಂಡುಸೂಜಿ ಚುಚ್ಚಿ, ಹೊಲಿಯುವ ಮುನ್ನ ಒಮ್ಮೆ ಮಗುಚಿ ನೋಡಿದರೆ ಹೊಲಿಗೆ ಬಿಚ್ಚುವ ಕಷ್ಟ ತಪ್ಪುತ್ತದೆ. ಆಮೇಲೆ ಇಡಿಯನ್ನು ತಿರುಗಿಸಿ, ಕಾಗದದ ಅಚ್ಚಾದ ಬದಿ ಕಣ್ಣಿಗೆ ಕಾಣುವಂತೆ ಯಂತ್ರದಡಿ ಇಟ್ಟು, ಗೆರೆಯ ಮೇಲೆ ಹೊಲಿಗೆ. ಗೆರೆಯ ಎರಡೂ ತುದಿಯಲ್ಲಿ ನಾಲ್ಕಾರು ಹೊಲಿಗೆ ಹೆಚ್ಚಿಗೆ ಹೋಗಲಿ. ಮುಂದಿನ ಹೊಲಿಗೆ ಅವನ್ನು ಅಡ್ಡಹಾಯ್ದು ಭದ್ರಮಾಡುತ್ತದೆ.

ಹೊಲಿಗೆಯ ಉದ್ದ 1.5 ಮಿಲಿಮೀಟರ್, ಅಂದರೆ ಇಂಚಿಗೆ ಹೆಚ್ಚುಕಡಿಮೆ 17 ಹೊಲಿಗೆ. ಮಾಮೂಲಿ 2.5 ಮಿಲಿಮೀಟರಿಗೆ ಇಂಚಿಗೆ 10. ಇಷ್ಟು ಒತ್ತಾಗಿ ಹೊಲಿಯುವುದಕ್ಕೆ ಎರಡು ಕಾರಣ. ಅಂಚೆಚೀಟಿಯ ಅಂಚಿನಂತೆ ಕಾಗದದಲ್ಲಿ ಸಾಲು ತೂತು ಬಿದ್ದು ಹರಿಯುವುದು ಹಗುರವಾಗುತ್ತದೆ. ಹರಿಯುವಾಗಿನ ಎಳೆತಕ್ಕೆ ಹೊಲಿಗೆ ಸಡಿಲವಾಗುವುದಿಲ್ಲ. ಇನ್ನೂ ಒತ್ತು ಮಾಡಿದರೆ ಕಾಗದ ಹೊಲಿಯುವಾಗಲೇ ಕಿತ್ತುಬರುತ್ತದೆ, ತಪ್ಪಿದರೆ ಬಿಚ್ಚಲೂ ಬಾರದು. ಸೂಜಿ 90/14 ಅಳತೆಯ ದಪ್ಪದ್ದು ಒಳ್ಳೆಯದು. ಕಾಗದ ಸೂಜಿಯನ್ನು ಬೇಗ ಮೊಂಡು ಮಾಡುವುದರಿಂದ ಇದಕ್ಕೆ ಬಳಸಿದ್ದನ್ನು ರೇಷ್ಮೆ ರವಿಕೆಗೆ ಹಾಕಬಾರದು.

ಹೊಲಿದಾದ ಮೇಲೆ 2ನೇ ತುಂಡನ್ನು ಮಗುಚಿ ಇಸ್ತ್ರಿ ಒತ್ತಬೇಕು. ಒಣ ಇಸ್ತ್ರಿ ಮಾತ್ರ. ಹಬೆ ತಾಗಿದರೆ ಕಾಗದ ಮುದುಡಿ ಅಳತೆ ಕೆಡುತ್ತದೆ. ಪೆಟ್ಟಿಗೆಯನ್ನು ಎಳೆದಾಡದೆ ಎತ್ತಿ ಎತ್ತಿ ಇಡಬೇಕು. ಹೊಲಿಗೆಯ ಬುಡದಲ್ಲಿ ಸಣ್ಣ ಮಡಿಕೆ ಉಳಿದರೂ ಮೂರನೆಯ ತುಂಡಿನ ಹೊತ್ತಿಗೆ ಅದು ದೊಡ್ಡ ದೋಷವಾಗಿರುತ್ತದೆ. 3ಕ್ಕೂ ಇದೇ ಕ್ರಮ: ಮಡಿಸು, ಕತ್ತರಿಸು, ಇಡು, ಹೊಲಿ, ಮಗುಚು, ಒತ್ತು. ಐದಾರು ತುಂಡು ಆಗುವಷ್ಟರಲ್ಲಿ ಕೈಗೆ ತಾಳ ಸಿಕ್ಕಿರುತ್ತದೆ. ಕೊನೆಗೆ ಹೊರಗಿನ ಚುಕ್ಕೆ ಗೆರೆಯ ಮೇಲೆ ಕತ್ತರಿಸಿದರೆ ನಾಲ್ಕೂವರೆಗೆ ಎರಡೂವರೆ ಇಂಚಿನ ಘಟಕ ಸಿದ್ಧ.

ಕಾಗದವನ್ನು ಆಗಲೇ ಹರಿಯುವ ಆಸೆಯನ್ನು ತಡೆದುಕೊಳ್ಳಬೇಕು. ಚೌಕದ ಹೊರ ಅಂಚುಗಳಲ್ಲಿ ಓರೆಯಾಗಿ ಕತ್ತರಿಸಿದ ಬಟ್ಟೆ ಬಂದಿದ್ದರೆ ಕಾಗದ ಹೋದೊಡನೆ ಅದು ಹಿಗ್ಗುತ್ತದೆ. ಅಕ್ಕಪಕ್ಕದ ಚೌಕಗಳೊಡನೆ ಜೋಡಣೆ ಮುಗಿದ ಮೇಲೆಯೇ ಹರಿಯುವುದು ವಾಡಿಕೆ. ಚೌಕವನ್ನು ಓರೆಯಾಗಿ ಮೆಲ್ಲಗೆ ಎಳೆದರೆ ಕಾಗದ ತೂತಿನ ಸಾಲಿನಲ್ಲಿ ಬಿಚ್ಚಿಕೊಳ್ಳುತ್ತದೆ. ಮೂಲೆಯಲ್ಲಿ ಸಿಕ್ಕಿಬಿದ್ದ ಚೂರುಗಳಿಗೆ ಚಿಮಟ ಬೇಕು. ಬೇಸರದ ಕೆಲಸವೇ. ದೊಡ್ಡ ಕ್ವಿಲ್ಟ್ ಆದರೆ ಸಂಜೆಗಟ್ಟಲೆ ಹಿಡಿಯುತ್ತದೆ, ನೆಲದ ತುಂಬ ಕಾಗದದ ಪುಡಿ.

ಕನ್ನಡಿಯ ತೊಡಕು: ಹೊಲಿಗೆ ಅಚ್ಚಾದ ಬದಿಯಲ್ಲಿ, ಬಟ್ಟೆ ಅದರ ಹಿಂಬದಿಯಲ್ಲಿ. ಹೀಗಾಗಿ ಮುಗಿದ ಚೌಕ ಕಾಗದದ ನಕ್ಷೆಯ ಕನ್ನಡಿ ಬಿಂಬವಾಗಿರುತ್ತದೆ. ಎಡಬಲ ಸಮನಾಗಿರುವ ನಕ್ಷತ್ರ, ಬಾತು ಇವುಗಳಿಗೆ ಇದರಿಂದ ತೊಂದರೆಯಿಲ್ಲ. ಲಾಗ್ ಕ್ಯಾಬಿನ್ನಿನ ಪಟ್ಟಿಗಳು ಕಾಗದದಲ್ಲಿ ಬಲಕ್ಕೆ ಸುತ್ತಿದ್ದರೆ ಬಟ್ಟೆಯಲ್ಲಿ ಎಡಕ್ಕೆ ಸುತ್ತುತ್ತವೆ. ಅಕ್ಷರಗಳಂತೂ ನಕ್ಷೆಯಲ್ಲಿ ತಿರುಗುಮುರುಗಾಗಿಯೇ ಇರಬೇಕು. ಇಂಗ್ಲಿಷಿನ ಎ, ಎಂ, ಝಡ್ ಮುಂತಾದ ಅಕ್ಷರಗಳು ನೇರ ಗೆರೆಯವಾದ್ದರಿಂದ ಈ ವಿಧಾನಕ್ಕೆ ಹೇಳಿಮಾಡಿಸಿದಂತಿವೆ. ಕನ್ನಡದ ದುಂಡು ಲಿಪಿಗೆ ಇದು ಒಗ್ಗದು. ತಲೆಕಟ್ಟಿನಿಂದ ಕೊಂಬಿನ ತನಕ ಎಲ್ಲವೂ ಬಳುಕು. ಹೆಸರು ಬರೆಯಬೇಕೆಂದಿದ್ದವರು ಬೇರೆ ಬಟ್ಟೆಯಲ್ಲಿ ಅಕ್ಷರ ಕತ್ತರಿಸಿ ಮೇಲೆ ಹೊಲಿಯುವುದೇ ಮೇಲು.

ಯಾವ ನಕ್ಷೆ ಒಗ್ಗುತ್ತದೆ: ನೇರ ಗೆರೆಗಳಿದ್ದರಷ್ಟೇ ಸಾಲದು. ಪ್ರತಿ ಹೊಸ ತುಂಡೂ ಅದುವರೆಗೆ ಕೂಡಿದ ತುಂಡುಗಳ ಗುಂಪಿಗೆ ಒಂದೇ ನೇರ ಹೊಲಿಗೆಯಲ್ಲಿ ಸೇರಬೇಕು. ಮೂರು ಸಾಲಿನಲ್ಲಿ ಮೂರು ಮೂರು ಚೌಕಗಳಿರುವ ಒಂಬತ್ತು ಮನೆಯ ನಕ್ಷೆಯನ್ನು ತೆಗೆದುಕೊಳ್ಳಿ. ಕಣ್ಣಿಗೆ ಇದರಷ್ಟು ಸುಲಭದ್ದು ಇನ್ನೊಂದಿಲ್ಲ. ಮೊದಲ ಸಾಲು ಸಲೀಸಾಗಿ ಆಗುತ್ತದೆ. ನಾಲ್ಕನೆಯ ಚೌಕವನ್ನು ಕೆಳಗಿನ ಸಾಲಿನ ಮೊದಲಲ್ಲಿ ಹೊಲಿಯಬಹುದು. ಐದನೆಯದು ಮೇಲಿನ ಚೌಕಕ್ಕೂ ಪಕ್ಕದ ಚೌಕಕ್ಕೂ ಒಟ್ಟಿಗೆ ಸೇರಬೇಕಾಗಿ ಬಂದು ಹೊಲಿಗೆ ಮೂಲೆ ತಿರುಗುತ್ತದೆ. ಅಲ್ಲಿಗೆ ಕೆಲಸ ನಿಂತಿತು. ಉಪಾಯವೆಂದರೆ ನಕ್ಷೆಯನ್ನು ಮೂರು ಪಟ್ಟಿಯಾಗಿ ಕತ್ತರಿಸಿ, ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಹೊಲಿದು, ಆಮೇಲೆ ಪಟ್ಟಿಗಳನ್ನು ಕೂಡಿಸುವುದು. ಹಕ್ಕಿ, ಮನೆ, ಹೂವಿನ ಚಿತ್ರಗಳ ನಕ್ಷೆಯಲ್ಲಿ ಎ1, ಎ2, ಬಿ1 ಎಂದು ಸಂಖ್ಯೆ ಬರುವುದು ಇದಕ್ಕೇ.

ಒಂದು ನಕ್ಷೆ ಹೀಗೆ ಹೊಲಿಯಲು ಬರುತ್ತದೋ ಇಲ್ಲವೋ ಎಂಬುದು ಶುದ್ಧ ಗಣಿತದ ಪ್ರಶ್ನೆಯೂ ಹೌದು. ಮೆಕೆಂಜಿ ಲೀಕ್, ಗಿಲ್ಬರ್ಟ್ ಬರ್ನ್‌ಸ್ಟೈನ್, ಏಬ್ ಡೇವಿಸ್, ಮನೀಶ್ ಅಗ್ರವಾಲ 2021ರಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್‌ನ ಸಿಗ್ರಾಫ್ ಸಮ್ಮೇಳನದಲ್ಲಿ ಇದಕ್ಕೊಂದು ಗಣಿತದ ಚೌಕಟ್ಟನ್ನು ಮಂಡಿಸಿದರು. ಕೊಟ್ಟ ನಕ್ಷೆ ಕಾಗದದ ತಳಕ್ಕೆ ಒಗ್ಗುತ್ತದೆಯೇ, ಒಗ್ಗಿದರೆ ಯಾವ ಕ್ರಮದಲ್ಲಿ ಹೊಲಿಯಬೇಕು ಎಂದು ಅವರ ವಿಧಾನ ಲೆಕ್ಕಹಾಕುತ್ತದೆ. ಮನೆಯಲ್ಲಿ ಕುಳಿತು ಹೊಲಿಯುವವರು ಅದೇ ಲೆಕ್ಕವನ್ನು ಹಿಂದುಮುಂದಾಗಿ ಮಾಡುತ್ತಾರೆ: ಒಂದೇ ನೇರ ಹೊಲಿಗೆ ಬಿಚ್ಚಿದರೆ ಕಳಚಿಬರುವ ತುಂಡು ಯಾವುದೆಂದು ಹುಡುಕಿ ಅದಕ್ಕೆ ಕೊನೆಯ ಸಂಖ್ಯೆ ಕೊಟ್ಟು, ಅದನ್ನು ಮನಸ್ಸಿನಲ್ಲೇ ತೆಗೆದುಹಾಕಿ, ಉಳಿದದ್ದರಲ್ಲಿ ಮತ್ತೆ ಹುಡುಕುವುದು.

ಹೆಸರಾದ ಬ್ಲಾಕ್‌ಗಳು: ಲಾಗ್ ಕ್ಯಾಬಿನ್ನಿನ ಮೂಲೆಗಳಲ್ಲೂ ಪಟ್ಟಿ ಸೇರಿಸಿದರೆ ಪೈನ್‌ಆಪಲ್ ಆಗುತ್ತದೆ, ತುಂಡು ಹೆಚ್ಚು, ತಪ್ಪಿಗೆ ಎಡೆ ಕಡಿಮೆ. ಹಡಗಿನ ದಿಕ್ಸೂಚಿಯ ಹೂವಿನಂತೆ 16 ಅಥವಾ 32 ಮೊನೆ ಚಾಚುವ ಮ್ಯಾರಿನರ್ಸ್ ಕಂಪಾಸ್ ಮೊದಲು ನುರಿತ ಕೈಗಳ ಸೊತ್ತಾಗಿತ್ತು. ಅದನ್ನು ಹೋಳು ಹೋಳಾಗಿ ಕಾಗದದ ಮೇಲೆ ಹೊಲಿಯಲು ಬಂದ ಮೇಲೆ ಹೊಸಬರೂ ಧೈರ್ಯ ಮಾಡಿದರು. ನ್ಯೂಯಾರ್ಕ್ ಬ್ಯೂಟಿ ಎಂಬುದು ಕಮಾನಿನ ಮೇಲೆ ಮುಳ್ಳುಗಳ ಸಾಲು. ವಿನ್ಯಾಸ ಹತ್ತೊಂಬತ್ತನೇ ಶತಮಾನದ್ದು. ಈ ಹೆಸರು 1930ರಲ್ಲಿ ಮೌಂಟನ್ ಮಿಸ್ಟ್ ಬ್ರಾಂಡಿನ ನಕ್ಷೆಯಿಂದ ಬಂತು. ಇದರ ಮುಳ್ಳುಗಳು ಮಾತ್ರ ಕಾಗದದ ಮೇಲೆ ಆಗುತ್ತವೆ. ಕಮಾನನ್ನು ಪಕ್ಕದ ಬಾಗಿದ ತುಂಡಿಗೆ ಸೇರಿಸಲು ಗುಂಡುಸೂಜಿ ಚುಚ್ಚಿಕೊಂಡು ಹಳೆಯ ರೀತಿಯಲ್ಲೇ ಹೊಲಿಯಬೇಕು.

ತಳಗಳು: ತೆಳುವಾದಷ್ಟೂ ಹರಿಯಲು ಸುಲಭ. ಪ್ರಿಂಟರಿಗೆ ಹಾಕುವ ಮಾಮೂಲಿ ಹಾಳೆಯೂ ನಡೆಯುತ್ತದೆ, ಹರಿಯುವಾಗ ಹೊಲಿಗೆಯನ್ನು ಹೆಚ್ಚು ಎಳೆಯುತ್ತದೆ. ಕರ್ನಾಟಕದ ಹೊಲಿಗೆ ತರಗತಿಗಳಲ್ಲಿ ಪೇಪರ್ ಕಟಿಂಗಿಗೆ ಬಳಸುವ ಬಟರ್ ಪೇಪರ್ ಅರೆಪಾರದರ್ಶಕವಾದ್ದರಿಂದ ಬೆಳಕಿಗೆ ಹಿಡಿಯುವ ಶ್ರಮವೇ ಇಲ್ಲ, ನಕ್ಷೆಯನ್ನು ಕೈಯಿಂದ ತೆಗೆದುಕೊಳ್ಳಬೇಕಷ್ಟೆ. ಹಳೆಯ ಸುದ್ದಿಪತ್ರಿಕೆಯ ಮಸಿ ಇಸ್ತ್ರಿಯ ಶಾಖಕ್ಕೆ ತಿಳಿ ಬಣ್ಣದ ಬಟ್ಟೆಗೆ ಹತ್ತುತ್ತದೆ. ಇಂಕ್‌ಜೆಟ್ ಮಸಿಯೂ ಒದ್ದೆಗೆ ಹರಡೀತು. ನೀರಿನಲ್ಲಿ ಕರಗುವ ಹಾಳೆಗಳಿವೆ, ಬೆಲೆ ಹೆಚ್ಚು. ಅಮೆರಿಕದಲ್ಲಿ ಮಾಂಸ ಸುತ್ತಲು ಬಳಸುವ, ಒಂದು ಬದಿಗೆ ಪ್ಲಾಸ್ಟಿಕ್ ಲೇಪವಿರುವ ಫ್ರೀಜರ್ ಪೇಪರಿನದು ಬೇರೆಯೇ ಪದ್ಧತಿ: ಬಿಸಿ ಇಸ್ತ್ರಿಗೆ ಅದು ಬಟ್ಟೆಗೆ ತಾತ್ಕಾಲಿಕವಾಗಿ ಅಂಟುತ್ತದೆ, ಗೆರೆಯ ಮೇಲೆ ಮಡಿಸಿ, ಮಡಿಕೆಯ ಪಕ್ಕದಲ್ಲೇ ಬಟ್ಟೆಯನ್ನಷ್ಟೆ ಹೊಲಿಯುತ್ತಾರೆ. ಕಾಗದಕ್ಕೆ ತೂತೇ ಬೀಳದು, ಹರಿಯುವ ಕೆಲಸವೂ ಇಲ್ಲ, ಒಂದೇ ಹಾಳೆ ಹಲವು ಸಲ ಬರುತ್ತದೆ. ಹರಿಯುವುದನ್ನು ದ್ವೇಷಿಸುವವರಿಗೆ ಇದೇ ಸರಿ.

ಕರ್ನಾಟಕದ ನೆಂಟಸ್ತಿಕೆ: ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಎಳೆ ಹೊಲಿಗೆ ಹಾಕುವ ನಮ್ಮ ಕೌದಿಗೂ ಈ ವಿಧಾನಕ್ಕೂ ನೇರ ಸಂಬಂಧವಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸುತ್ತಿನ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕವಂದಿ ಎಂಬ ಹೊದಿಕೆಯಲ್ಲಿ ಮಾತ್ರ ತಳದ ತತ್ವ ಸ್ಪಷ್ಟವಾಗಿ ಕಾಣುತ್ತದೆ. ಹಳೆಯ ಸೀರೆಯನ್ನು ತಳವಾಗಿ ಹಾಸಿ, ಒಂದು ಮೂಲೆಯಿಂದ ಹಿಡಿದು ಅಂಚಿನ ಗುಂಟ ತುಂಡುಗಳನ್ನು ಸುತ್ತಿಸುತ್ತ ನಡುವಿನತ್ತ ಸಾಗುತ್ತಾರೆ. ಲಾಗ್ ಕ್ಯಾಬಿನ್ ನಡುವಿನಿಂದ ಹೊರಕ್ಕೆ ಬೆಳೆದರೆ ಕವಂದಿ ಹೊರಗಿನಿಂದ ಒಳಕ್ಕೆ ಬರುತ್ತದೆ. ನಕ್ಷೆಯಿಲ್ಲ, ಸಂಖ್ಯೆಯಿಲ್ಲ, ತುಂಡಿನ ಅಂಚು ಮಡಿಸಿ ಕೈ ಹೊಲಿಗೆ, ತಳ ಶಾಶ್ವತ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳ ಬಗ್ಗೆ ವಿಸ್ತಾರವಾಗಿ ಬರೆದಿದ್ದಾರೆ.

ಅಳತೆ: ಇಲ್ಲಿ ಕುಳಿತು ಅಮೆರಿಕದ ನಕ್ಷೆ ಇಳಿಸಿಕೊಂಡು ಹೊಲಿಯುವವರು ಗಮನಿಸಬೇಕಾದ ಒಂದು ವಿಷಯವಿದೆ. ಅಲ್ಲಿನ ಹಾಳೆ 8.5 ಇಂಚಿಗೆ 11 ಇಂಚು, ಅಗಲ ಸುಮಾರು 216 ಮಿಲಿಮೀಟರ್. ನಮ್ಮ ಎ4 ಹಾಳೆಯ ಅಗಲ 210. ಜೆರಾಕ್ಸ್ ಅಂಗಡಿಯಲ್ಲಿ ಹಾಳೆಗೆ ಹೊಂದಿಸಿ ಅಚ್ಚು ಹಾಕಿದರೆ ನಕ್ಷೆ ಶೇ. 3ರಷ್ಟು ಕುಗ್ಗುತ್ತದೆ, 6 ಇಂಚಿನ ಚೌಕ 5.8 ಇಂಚಿಗೆ ಇಳಿಯುತ್ತದೆ. ಎಲ್ಲ ಪ್ರತಿಗಳೂ ಒಂದೇ ಸಮ ಕುಗ್ಗಿದ್ದರೆ ಚೌಕಗಳು ತಮ್ಮೊಳಗೆ ಹೊಂದಿಕೊಂಡಾವು. ಬೇರೆ ವಿಧಾನದಲ್ಲಿ ಕತ್ತರಿಸಿದ ಚೌಕಗಳ ಪಕ್ಕಕ್ಕೆ ಬಂದಾಗ ಬಣ್ಣ ಬಯಲಾಗುತ್ತದೆ. ಒಳ್ಳೆಯ ನಕ್ಷೆಗಳ ಮೂಲೆಯಲ್ಲಿ ಒಂದಿಂಚಿನ ಪರೀಕ್ಷಾ ಚೌಕ ಅಚ್ಚಾಗಿರುತ್ತದೆ. ನೂರಕ್ಕೆ ನೂರು ಅಳತೆಯಲ್ಲೇ ಅಚ್ಚು ಹಾಕಿಸಿ, ಆ ಚೌಕದ ಮೇಲೆ ಸ್ಕೇಲಿಟ್ಟು ನೋಡಿ, ಆಮೇಲೆ ಬಟ್ಟೆಗೆ ಕತ್ತರಿ ಹಾಕಿ.